ಡಾಕ್ಟರಿಗೆ ಬರೆಯುವಾಗ ಭಾಷೆ ಯಾಕೆ ದಪ್ಪ ಆಗಬೇಕು?

ನೀರ್ಚಾಲಿನ ಬರಹಗಾರ್ತಿ

ಎಲ್ಲರಿಗೂ ನಮಸ್ಕಾರ. ಒಂದು ವಿಷಯದಲ್ಲಿ ನಿಮ್ಮ ಅಭಿಪ್ರಾಯ ಬೇಕು. ಸ್ವಲ್ಪ ಉದ್ದ ಆಗಬಹುದು, ದಯವಿಟ್ಟು ಓದಿ.

ನಾನು ಮನೆಯಿಂದಲೇ ಒಂದು ಔಷಧ ಕಂಪನಿಗೆ ಬರೆದುಕೊಡುತ್ತೇನೆ. ಮೆಡಿಕಲ್ ರೆಪ್‌ಗಳು ಡಾಕ್ಟರ ಎದುರು ಬಿಡಿಸಿ ತೋರಿಸುವ ವಿಷುವಲ್ ಏಡ್, ಹೊರಡುವಾಗ ಮೇಜಿನ ಮೇಲೆ ಇಟ್ಟು ಬರುವ ಹಾಳೆ, ಡಾಕ್ಟರ ವಾಟ್ಸ್ಆಪ್‌ಗೆ ಹೋಗುವ ನಾಲ್ಕು ಸಾಲು. ಇವೆಲ್ಲ ನನ್ನ ಕೆಲಸ. ಬರೆಯುವುದು ಇಂಗ್ಲಿಷಿನಲ್ಲಿ. ಆದರೆ ಯೋಚನೆ ಮಾಡುವುದು ನಮ್ಮ ಭಾಷೆಯಲ್ಲೇ.

ಹೋದ ವಾರ ಬಿಪಿಯ ಒಂದು ಜೋಡಿ ಮಾತ್ರೆಗೆ ಹಾಳೆ ಬರೆಯಬೇಕಿತ್ತು. ಟೆಲ್ಮಿಸಾರ್ಟನ್ ಮತ್ತು ಆಮ್ಲೋಡಿಪಿನ್ ಒಂದೇ ಮಾತ್ರೆಯಲ್ಲಿ ಇರುವಂಥದ್ದು. ನಾನು ಬರೆದ ಮೊದಲ ಸಾಲುಗಳು ಹೀಗಿದ್ದವು: "ಒಂದೇ ಮದ್ದಿಗೆ ಬಿಪಿ ಹತೋಟಿಗೆ ಬಾರದವರಿಗೆ, ದಿನಕ್ಕೊಂದು ಮಾತ್ರೆ. ಗರ್ಭಿಣಿಯರಿಗೆ ಕೊಡಬಾರದು. ಕೆಲವರಿಗೆ ಕಾಲು ಬೀಗುತ್ತದೆ, ಮೊದಲೇ ಹೇಳಿಡಿ."

ಮೇಲಿನವರು ಅದನ್ನು ವಾಪಸ್ ಕಳುಹಿಸಿದರು. "ಇದು ರೋಗಿಗಳಿಗೆ ಬರೆದ ಹಾಗಿದೆ. ಡಾಕ್ಟರಿಗೆ ಇಷ್ಟು ಸಣ್ಣ ಮಾತಿನಲ್ಲಿ ಹೇಳಿದರೆ ಅವಮಾನ ಆಗುತ್ತದೆ, ಸ್ವಲ್ಪ ತೂಕ ಬರಲಿ" ಎಂದರು. ಕೊನೆಗೆ ಅಚ್ಚಿಗೆ ಹೋಗಲು ಸಿದ್ಧವಾದ ಸಾಲು ಇದು: "ರೋಬಸ್ಟ್ ಅಂಡ್ ಸಸ್ಟೇನ್ಡ್ ಬಿಪಿ ಕಂಟ್ರೋಲ್ ವಿತ್ ಸಿನರ್ಜಿಸ್ಟಿಕ್ ಡ್ಯುಯಲ್ ಆಕ್ಷನ್ ಅಂಡ್ ಅನ್‌ಪ್ಯಾರಲಲ್ಡ್ ಟಾಲರಬಿಲಿಟಿ." ಗರ್ಭಿಣಿಯರ ವಿಷಯ ಹಾಳೆಯ ಹಿಂಬದಿಯ ಪುಟದ ತಳಕ್ಕೆ ಹೋಯಿತು. ಕಾಲು ಬೀಗುವ ವಿಷಯವೂ ಅಲ್ಲೇ, ಕಣ್ಣಿಗೆ ಕಾಣದಷ್ಟು ಸಣ್ಣ ಅಕ್ಷರದಲ್ಲಿ.

ನನಗೆ ಬೇಸರ ಆಗಿದೆ. ನನ್ನ ಸಾಲು ತೆಗೆದರು ಅಂತ ಅಲ್ಲ. ಹೊಸ ಸಾಲಿನಲ್ಲಿ ಏನು ಹೇಳಿದ್ದಾರೆ ಅಂತ ನಾಲ್ಕು ಸಲ ಓದಿದರೂ ನನಗೇ ಗೊತ್ತಾಗಲಿಲ್ಲ. "ಅನ್‌ಪ್ಯಾರಲಲ್ಡ್" ಅಂದರೆ ಸಾಟಿಯೇ ಇಲ್ಲದ್ದು. ಅದು ಯಾವುದಕ್ಕೆ ಹೋಲಿಸಿ? "ರೋಬಸ್ಟ್" ಅಂದರೆ ಗಟ್ಟಿಯಾದದ್ದು. ಹಾಗಾದರೆ ಬಿಪಿ ಎಷ್ಟು ಪಾಯಿಂಟ್ ಇಳಿಯಿತು? ಆ ಸಾಲನ್ನು ಸುಳ್ಳು ಅಂತ ಹೇಳಲೂ ಆಗುವುದಿಲ್ಲ, ನಿಜ ಅಂತ ಹೇಳಲೂ ಆಗುವುದಿಲ್ಲ.

ಈ ವೇದಿಕೆಯಲ್ಲಿ ಡಾಕ್ಟರುಗಳಿದ್ದೀರಿ, ಅಂಗಡಿಯವರಿದ್ದೀರಿ, ರೆಪ್ ಆಗಿ ದುಡಿದವರಿದ್ದೀರಿ. ಸರಳವಾಗಿ ಬರೆದರೆ ಡಾಕ್ಟರಿಗೆ ನಿಜವಾಗಿಯೂ ಅವಮಾನ ಆಗುತ್ತದಾ?

ಉಪ್ಪಳದ ಹಳೇ ರೆಪ್

ಇಪ್ಪತ್ತೆರಡು ವರ್ಷ ಬ್ಯಾಗ್ ಹಿಡಿದು ತಲಪಾಡಿಯಿಂದ ಕಾಸರಗೋಡಿನ ತನಕ ಓಡಾಡಿದವನು ನಾನು. ನಿಮ್ಮ ಪ್ರಶ್ನೆಗೆ ನನ್ನ ಉತ್ತರ: ಇಲ್ಲ, ಅವಮಾನ ಆಗುವುದಿಲ್ಲ.

ಡಾಕ್ಟರ ಕೋಣೆಯ ಹೊರಗೆ ಮೂವತ್ತು ಮಂದಿ ಕೂತಿರುತ್ತಾರೆ. ನಾವು ಒಳಗೆ ಹೋಗುವುದು ಇಬ್ಬರು ರೋಗಿಗಳ ನಡುವಿನ ಸಂದಿಯಲ್ಲಿ. ಸಿಗುವುದು ಎರಡು ನಿಮಿಷ. ಆ ಎರಡು ನಿಮಿಷದಲ್ಲಿ ಡಾಕ್ಟರ ಕೈ ಮುಂದಿನ ಚೀಟಿ ಬರೆಯುತ್ತಿರುತ್ತದೆ, ಕಿವಿ ಮಾತ್ರ ನಮ್ಮ ಕಡೆ. "ಪ್ಯಾರಡೈಮ್ ಶಿಫ್ಟ್ ಇನ್ ಹೈಪರ್‌ಟೆನ್ಷನ್ ಮ್ಯಾನೇಜ್‌ಮೆಂಟ್" ಅಂತ ಬಾಯಿಪಾಠ ಒಪ್ಪಿಸಿದರೆ ಅವರು ತಲೆ ಎತ್ತಿಯೂ ನೋಡುವುದಿಲ್ಲ. "ಸಾರ್, ಇದು ದಿನಕ್ಕೆ ಒಂದೇ ಸಲ, ಹತ್ತು ಮಾತ್ರೆಗೆ ಇಷ್ಟು ರೂಪಾಯಿ, ಕಿಡ್ನಿ ತೊಂದರೆ ಇದ್ದವರಿಗೆ ಜಾಗ್ರತೆ" ಅಂದರೆ ಪೆನ್ನು ನಿಲ್ಲುತ್ತದೆ. ಇದನ್ನು ನಾನು ಸಾವಿರ ಸಲ ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು ವಿಷಯ. ಕೆಲವು ಮಾತು ಬರೆಯಲೇಬಾರದು ಅಂತ ಈಗ ನಿಯಮ ಇದೆ. ಕೇಂದ್ರದ ಔಷಧ ಇಲಾಖೆ 2024ರ ಮಾರ್ಚ್ 12ರಂದು ಔಷಧ ಮಾರಾಟದ ನೀತಿ ಸಂಹಿತೆ ಹೊರಡಿಸಿತು. ಯುಸಿಪಿಎಂಪಿ ಅಂತ ಕರೆಯುತ್ತೇವೆ. "ಸೇಫ್" ಅನ್ನುವ ಪದವನ್ನು ಯಾರಿಗೆ, ಯಾವ ಮಿತಿಯಲ್ಲಿ ಅಂತ ಹೇಳದೆ ಬಳಸುವಂತಿಲ್ಲ ಅಂತ ಅದರಲ್ಲಿದೆ. ಮದ್ದಿಗೆ ಅಡ್ಡ ಪರಿಣಾಮವೇ ಇಲ್ಲ ಅಂತ ಖಂಡಿತವಾಗಿ ಹೇಳುವಂತಿಲ್ಲ. ಒಂದು ವರ್ಷಕ್ಕಿಂತ ಜಾಸ್ತಿ ಕಾಲದಿಂದ ಮಾರುಕಟ್ಟೆಯಲ್ಲಿ ಸಿಗುವ ಮದ್ದನ್ನು "ನ್ಯೂ" ಅಂತ ಕರೆಯುವಂತಿಲ್ಲ. ಮೊದಲು ಇದೇ ಥರದ ಸಂಹಿತೆ 2015ರಿಂದ ಇತ್ತು. ಆಗ ಅದು ಕಂಪನಿಗಳ ಇಷ್ಟಕ್ಕೆ ಬಿಟ್ಟದ್ದು.

ನಿಮ್ಮ ಮೇಲಿನವರಿಗೆ ಇದನ್ನು ತೋರಿಸಿ. "ಅನ್‌ಪ್ಯಾರಲಲ್ಡ್" ಅನ್ನುವ ಪದ ಆ ಪಟ್ಟಿಯಲ್ಲಿ ಇಲ್ಲದಿರಬಹುದು. ಆದರೆ ಹೋಲಿಕೆ ಮಾಡಿದರೆ ಅದು ನ್ಯಾಯವಾಗಿರಬೇಕು, ಸಾಬೀತು ಮಾಡಲು ಆಗುವಂತಿರಬೇಕು ಅಂತ ಇದೆ. ಸಾಟಿ ಇಲ್ಲ ಅಂತ ಸಾಬೀತು ಮಾಡುವುದು ಹೇಗೆ?

ಪೆರ್ಲದ ಡಾಕ್ಟರ್

ನಾನು ಈ ಹಾಳೆಗಳನ್ನು ಪಡೆಯುವ ಕಡೆಯವನು. ಎರಡು ಮಾತು ಹೇಳುತ್ತೇನೆ. ಒಂದು ನಿಮ್ಮ ಪರ, ಇನ್ನೊಂದು ಸ್ವಲ್ಪ ವಿರೋಧ.

ಪರವಾಗಿ ಹೇಳುವುದು ಇದು. ನಾನು ಓದಿದ್ದು ಇಂಗ್ಲಿಷಿನಲ್ಲಿ. ಆದರೆ ದಿನವಿಡೀ ಮಾತಾಡುವುದು ತುಳು, ಮಲಯಾಳ, ಕನ್ನಡ, ಬ್ಯಾರಿ ಭಾಷೆ. ಕೆಲವು ದಿನ ಕೊಂಕಣಿ, ಮರಾಟಿ ಮಾತಾಡುವವರೂ ಬರುತ್ತಾರೆ. ಒಂದು ಮದ್ದಿನ ವಿಷಯ ನನಗೆ ಸರಿಯಾಗಿ ಅರ್ಥ ಆಗಿದ್ದರೆ ಮಾತ್ರ ಅದನ್ನು ಇಷ್ಟು ಭಾಷೆಯಲ್ಲಿ ಹೇಳಲು ಆಗುತ್ತದೆ. "ಸಿನರ್ಜಿಸ್ಟಿಕ್ ಡ್ಯುಯಲ್ ಆಕ್ಷನ್" ಅನ್ನುವುದನ್ನು ಪೆರ್ಲದ ಒಬ್ಬ ಅಜ್ಜಿಗೆ ನಾನು ಹೇಗೆ ಹೇಳಲಿ? "ಕಾಲು ಬೀಗಬಹುದು, ಹೆದರಬೇಡಿ, ಬೀಗಿದರೆ ಬಂದು ತೋರಿಸಿ" ಅನ್ನುವುದನ್ನು ಹೇಳಬಹುದು. ಮಲಯಾಳದವರಿಗೆ ಕಾಲಿಲ್ ನೀರ್ ಅಂದರೆ ಆಯಿತು. ಹಾಳೆಯ ಸಾಲು ನನ್ನ ತಲೆಯಲ್ಲಿ ಮಂಜಾಗಿ ಕೂತರೆ ರೋಗಿಯ ತಲೆಗೂ ಮಂಜೇ ದಾಟುತ್ತದೆ.

ವಿರೋಧ ಏನೆಂದರೆ, ವೈದ್ಯಕೀಯದ ಪದಗಳನ್ನು ತೆಗೆಯಬೇಡಿ. ಕಾಲು ಬೀಗುವುದಕ್ಕೆ "ಪೆರಿಫೆರಲ್ ಎಡಿಮಾ" ಅಂದರೆ ನನಗೆ ಎರಡೇ ಪದದಲ್ಲಿ ಪೂರ್ತಿ ಚಿತ್ರ ಸಿಗುತ್ತದೆ. "ಕ್ರಿಯಾಟಿನಿನ್" ಅನ್ನುವುದಕ್ಕೆ ಬದಲು "ಕಿಡ್ನಿಯ ರಕ್ತ ಪರೀಕ್ಷೆಯ ಒಂದು ಅಂಶ" ಅಂತ ಬರೆದರೆ ನನ್ನ ಹೊತ್ತು ಹಾಳು. ಅವು ನಮ್ಮ ಕಸುಬಿನ ಪದಗಳು. ಬಡಗಿಗೆ ಉಳಿ, ಬಾಚಿ ಇದ್ದ ಹಾಗೆ. ನನಗೆ ಬೇಡವಾದದ್ದು "ರೋಬಸ್ಟ್", "ನಾವೆಲ್", "ಅನ್‌ಮೆಟ್ ನೀಡ್" ಅನ್ನುವಂಥವು. ಅವು ವೈದ್ಯಕೀಯದ ಪದಗಳೇ ಅಲ್ಲ. ವೈದ್ಯಕೀಯದ ಬಟ್ಟೆ ಹಾಕಿಕೊಂಡ ಮಾರಾಟದ ಪದಗಳು.

ನೀರ್ಚಾಲಿನ ಬರಹಗಾರ್ತಿ

ಡಾಕ್ಟರೇ, ಇದು ನನಗೆ ಸ್ಪಷ್ಟ ಇರಲಿಲ್ಲ. ಸರಳ ಅಂದರೆ ಎಲ್ಲ ಪದವನ್ನೂ ಸಣ್ಣದು ಮಾಡುವುದು ಅಂದುಕೊಂಡಿದ್ದೆ. ಪದ ಯಾರದ್ದು ಅನ್ನುವುದು ಮುಖ್ಯ ಅಂತ ಈಗ ಅನಿಸುತ್ತಿದೆ. ಸರಳ ಭಾಷೆಗೆ 2023ರಲ್ಲಿ ಒಂದು ಅಂತಾರಾಷ್ಟ್ರೀಯ ಮಾನದಂಡ ಬಂದಿದೆ, ಐಎಸ್‌ಒ 24495 ಅಂತ, ಅದರ ಮೊದಲ ಭಾಗ. ಓದುವವರಿಗೆ ಬೇಕಾದದ್ದು ಸುಲಭವಾಗಿ ಸಿಗಬೇಕು, ಸಿಕ್ಕಿದ್ದು ಅರ್ಥ ಆಗಬೇಕು, ಅರ್ಥ ಆದದ್ದನ್ನು ಬಳಸಲು ಆಗಬೇಕು ಅಂತ ಅದು ಹೇಳುತ್ತದೆ. ಪದ ಚಿಕ್ಕದಿರಲಿ ಅನ್ನುವುದಕ್ಕಿಂತ ಮೊದಲು "ಸಿಗಬೇಕು" ಅಂತ ಇದೆ, ನೋಡಿ. ನನ್ನ ಹಾಳೆಯಲ್ಲಿ ಗರ್ಭಿಣಿಯರ ಸಾಲು ಹಿಂದಿನ ಪುಟಕ್ಕೆ ಹೋದಾಗ ಪದ ಒಂದೂ ಬದಲಾಗಿರಲಿಲ್ಲ. ಆದರೂ ಹಾಳೆ ಹಾಳಾಯಿತು.

ಕುಂಬಳೆಯ ಔಷಧಿ ಅಂಗಡಿಯವ

ಕಾಲು ಬೀಗುವ ಮಾತು ಬಂತಲ್ಲ, ಅದರ ಬಗ್ಗೆ ಬರೆಯದೆ ಇರಲು ಆಗುತ್ತಿಲ್ಲ.

ತಿಂಗಳಿಗೆ ನಾಲ್ಕೈದು ಮಂದಿಯಾದರೂ ನನ್ನ ಅಂಗಡಿಗೆ ಬಂದು ಕಾಲು ತೋರಿಸುತ್ತಾರೆ. "ಬಿಪಿ ಮಾತ್ರೆ ತಿಂದ ಮೇಲೆ ಹೀಗಾಯಿತು, ಕಿಡ್ನಿ ಹೋಯಿತಾ?" ಅಂತ ಕೇಳುತ್ತಾರೆ. ಚೀಟಿ ನೋಡಿದರೆ ಆಮ್ಲೋಡಿಪಿನ್. ಅಷ್ಟರಲ್ಲಿ ಅವರು ಮಾತ್ರೆ ಬಿಟ್ಟು ಹತ್ತು ದಿನ ಆಗಿರುತ್ತದೆ. ಬಿಪಿ ನೋಡಿದರೆ ಮೇಲೆ ಹೋಗಿರುತ್ತದೆ. ವಾಪಸ್ ಡಾಕ್ಟರ ಹತ್ತಿರ ಕಳುಹಿಸುತ್ತೇನೆ. ಕೆಲವರು ಹೋಗುತ್ತಾರೆ. ಕೆಲವರು ಹೋಗುವುದಿಲ್ಲ.

ಡಾಕ್ಟರಿಗೆ ಈ ಅಡ್ಡ ಪರಿಣಾಮ ಗೊತ್ತಿಲ್ಲ ಅಂತ ನಾನು ಹೇಳುತ್ತಿಲ್ಲ. ಚೆನ್ನಾಗಿ ಗೊತ್ತಿರುತ್ತದೆ. ಆದರೆ ಗೊತ್ತಿರುವುದು ಬೇರೆ, ಚೀಟಿ ಬರೆಯುವ ಆ ಕ್ಷಣಕ್ಕೆ ನೆನಪಾಗಿ ಬಾಯಿಗೆ ಬರುವುದು ಬೇರೆ. ಮೇಜಿನ ಮೇಲಿನ ಹಾಳೆಯಲ್ಲಿ "ಮೊದಲೇ ಹೇಳಿಡಿ" ಅಂತ ದೊಡ್ಡದಾಗಿ ಇದ್ದರೆ ಅದು ಅವರಿಗೆ ಪಾಠ ಅಲ್ಲ, ನೆನಪು. ಅಕ್ಕಾ, ನೀವು ಬರೆದ ಆ ಎರಡು ಪದ ನನ್ನ ಅಂಗಡಿಗೆ ಬರುವ ಒಬ್ಬರನ್ನಾದರೂ ಉಳಿಸುತ್ತಿತ್ತು. ಅದನ್ನು ಬಿಡಬೇಡಿ.

ಹೊಸಂಗಡಿಯ ಅನುವಾದಕ

ನನ್ನದು ಭಾಷೆಯ ಕಡೆಯ ಮಾತು. ಕಾಸರಗೋಡಿನ ಕನ್ನಡಿಗರಿಗೆ ಇದು ಹೊಸತಲ್ಲ. 1956ರ ನವೆಂಬರ್ 1ರಿಂದ ನಾವು ಕೇರಳದಲ್ಲಿದ್ದೇವೆ. ಅರ್ಥ ಆಗದ ಭಾಷೆಯಲ್ಲಿ ಬಂದ ಕಾಗದ ಹಿಡಿದುಕೊಂಡು ಕಚೇರಿಯಿಂದ ಕಚೇರಿಗೆ ಅಲೆದ ಹಿರಿಯರು ನಮ್ಮಲ್ಲಿ ಎಲ್ಲರ ಮನೆಯಲ್ಲೂ ಇದ್ದಾರೆ. ಕನ್ನಡದಲ್ಲಿ ಬಂದ ಕಾಗದವೂ ಎಷ್ಟೋ ಸಲ "ಸದರಿ ವಿಷಯಕ್ಕೆ ಸಂಬಂಧಿಸಿದಂತೆ ಸೂಚಿಸಲಾಗಿದೆ" ಅಂತ ಇರುತ್ತದೆ. ಯಾರು ಸೂಚಿಸಿದರು? ನಾನು ಯಾರ ಹತ್ತಿರ ಹೋಗಬೇಕು? ಅದು ಅಲ್ಲಿ ಇರುವುದಿಲ್ಲ.

ಈ "ಲಾಗಿದೆ" ಎಷ್ಟು ದೊಡ್ಡ ಅಪಾಯ ಅಂತ ತೋರಿಸುವ ಒಂದು ಉದಾಹರಣೆ ಅಮೆರಿಕದ್ದು ಇದೆ. ಆಕ್ಸಿಕಾಂಟಿನ್ ಅನ್ನುವ ನೋವಿನ ಮಾತ್ರೆ, ಅಫೀಮಿನ ಜಾತಿಯದ್ದು, 1996ರಲ್ಲಿ ಮಾರುಕಟ್ಟೆಗೆ ಬಂತು. ಡಾಕ್ಟರುಗಳಿಗಾಗಿ ಇದ್ದ ಅದರ ಲೇಬಲ್ಲಿನಲ್ಲಿ ಒಂದು ಸಾಲಿತ್ತು. ಮದ್ದು ನಿಧಾನವಾಗಿ ರಕ್ತಕ್ಕೆ ಸೇರುವುದರಿಂದ ದುರುಪಯೋಗದ ಸಾಧ್ಯತೆ ಕಡಿಮೆ ಆಗುತ್ತದೆ ಎಂದು "ನಂಬಲಾಗಿದೆ" ಅಂತ. ಯಾರು ನಂಬಿದ್ದು? ಯಾವ ಪರೀಕ್ಷೆ ಮಾಡಿ? ಆ ಸಾಲಿನಲ್ಲಿ ಕರ್ತೃವೇ ಇಲ್ಲ. ರೆಪ್‌ಗಳು ಆ ಸಾಲನ್ನು ಹಿಡಿದುಕೊಂಡು ಊರೂರು ತಿರುಗಿದರು. 2001ರಲ್ಲಿ ಆ ಸಾಲು ಲೇಬಲ್ಲಿನಿಂದ ಹೋಯಿತು. 2007ರಲ್ಲಿ ಕಂಪನಿ ಕೋರ್ಟಿನಲ್ಲಿ ತಪ್ಪೊಪ್ಪಿಕೊಂಡು 60 ಕೋಟಿ ಡಾಲರಿಗಿಂತ ಜಾಸ್ತಿ ಕಟ್ಟಿತು. ಅಷ್ಟರಲ್ಲಿ ಎಷ್ಟು ಮನೆ ಹಾಳಾಗಿತ್ತೋ.

"ನಾವು ಹೀಗೆ ನಂಬಿದ್ದೇವೆ, ಇದನ್ನು ಪರೀಕ್ಷೆ ಮಾಡಿ ನೋಡಿಲ್ಲ" ಅಂತ ಬರೆದಿದ್ದರೆ ಯಾವ ಡಾಕ್ಟರ್ ಒಪ್ಪುತ್ತಿದ್ದರು ಹೇಳಿ? ಸರಳವಾಗಿ ಬರೆಯಲು ಕೂತರೆ ಕರ್ತೃವನ್ನು ಹುಡುಕಲೇಬೇಕಾಗುತ್ತದೆ. ಹುಡುಕಿದರೆ ಸತ್ಯ ಹೊರಗೆ ಬರುತ್ತದೆ. ದಪ್ಪ ಭಾಷೆಯನ್ನು ಕೆಲವರು ಬಿಡದೆ ಹಿಡಿದುಕೊಳ್ಳುವುದು ಇದಕ್ಕೇ ಅಂತ ನನಗೆ ಅನಿಸುತ್ತದೆ.

ಪೆರ್ಲದ ಡಾಕ್ಟರ್

ಅನುವಾದಕರ ಉದಾಹರಣೆ ಸರಿ. ಆದರೆ ಅದೇ ಕಥೆಯ ಇನ್ನೊಂದು ಭಾಗವನ್ನೂ ಹೇಳಬೇಕು. ಇಲ್ಲದಿದ್ದರೆ ಸರಳ ಭಾಷೆ ಅಂದರೆ ಸತ್ಯ ಅಂತ ನಾವು ತಪ್ಪು ತಿಳಿಯುತ್ತೇವೆ.

ಅದೇ ಮದ್ದಿನ ಮಾರಾಟದಲ್ಲಿ ಓಡಾಡಿದ ಇನ್ನೊಂದು ಸಾಲು: "ಚಟಕ್ಕೆ ಬೀಳುವವರು ನೂರರಲ್ಲಿ ಒಬ್ಬರಿಗಿಂತಲೂ ಕಡಿಮೆ." ಇದರಲ್ಲಿ ಕಷ್ಟದ ಪದ ಒಂದೂ ಇಲ್ಲ. ಮಗುವಿಗೂ ಅರ್ಥ ಆಗುತ್ತದೆ. ಈ ಥರದ ಮಾತಿಗೆ ಜನ ಆಧಾರವಾಗಿ ತೋರಿಸುತ್ತಿದ್ದದ್ದು 1980ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಒಂದು ಪತ್ರ. ಲೇಖನ ಅಲ್ಲ, ಐದು ವಾಕ್ಯದ ಪತ್ರ. ಆಸ್ಪತ್ರೆಯಲ್ಲಿ ಮಲಗಿದ್ದಾಗ ಅಂಥ ಮದ್ದನ್ನು ಒಂದು ಸಲವಾದರೂ ಪಡೆದ 11,882 ಮಂದಿಯಲ್ಲಿ ನಾಲ್ವರಿಗೆ ಮಾತ್ರ ಚಟ ಹತ್ತಿದ ದಾಖಲೆ ಸಿಕ್ಕಿತು ಅಂತ ಅದರಲ್ಲಿತ್ತು. ಪತ್ರದಲ್ಲಿ ತಪ್ಪಿಲ್ಲ. ಆದರೆ ಅವರು ಆಸ್ಪತ್ರೆಯಲ್ಲಿ ನರ್ಸ್ ಕಣ್ಣೆದುರು ಮದ್ದು ತೆಗೆದುಕೊಂಡವರು. ತಿಂಗಳುಗಟ್ಟಲೆ ಮನೆಯಲ್ಲಿ ಮಾತ್ರೆ ನುಂಗುವವರಿಗೆ ಆ ಲೆಕ್ಕ ಹೇಗೆ ಹೊಂದುತ್ತದೆ? 2017ರಲ್ಲಿ ಅದೇ ಜರ್ನಲ್ಲಿನಲ್ಲಿ ಲೆಕ್ಕ ಹಾಕಿ ನೋಡಿದರು. ಆ ಪುಟ್ಟ ಪತ್ರವನ್ನು 608 ಬರಹಗಳು ಉಲ್ಲೇಖಿಸಿದ್ದವು.

ಹಾಗಾಗಿ ವಾಕ್ಯ ಸರಳ ಆದರೆ ಸಾಲದು. ಯಾರ ಮೇಲೆ ನೋಡಿದ್ದು, ಎಷ್ಟು ದಿನ ನೋಡಿದ್ದು, ಎಷ್ಟು ಮಂದಿಯಲ್ಲಿ ಎಷ್ಟು. ಇವು ಅದೇ ವಾಕ್ಯದ ಪಕ್ಕದಲ್ಲಿ ಇರಬೇಕು. ಹಿಂದಿನ ಪುಟದಲ್ಲಿ ಅಲ್ಲ.

ಮುಳ್ಳೇರಿಯದ ಲೆಕ್ಕದ ಟೀಚರ್

ನಾನು ವೈದ್ಯಕೀಯದವಳಲ್ಲ. ಹೈಸ್ಕೂಲಿನಲ್ಲಿ ಲೆಕ್ಕ ಕಲಿಸುತ್ತೇನೆ. ಆದರೆ ಶೇಕಡಾ ಅನ್ನುವುದು ನನ್ನ ದಿನನಿತ್ಯದ ಯುದ್ಧ. ಅದಕ್ಕೇ ಬರೆಯುತ್ತಿದ್ದೇನೆ.

ಅಟೋರ್ವಾಸ್ಟಾಟಿನ್ ಅನ್ನುವ ಕೊಲೆಸ್ಟರಾಲ್ ಮಾತ್ರೆಯ ದೊಡ್ಡ ಪರೀಕ್ಷೆ ಒಂದು 2003ರಲ್ಲಿ ಪ್ರಕಟ ಆಯಿತು. ಆಸ್ಕಾಟ್ ಅಂತ ಹೆಸರು. ಬಿಪಿ ಇದ್ದು, ಹೃದಯದ ತೊಂದರೆಗೆ ದಾರಿ ಮಾಡುವ ಬೇರೆ ಅಂಶಗಳೂ ಇದ್ದ ಹತ್ತು ಸಾವಿರಕ್ಕೂ ಜಾಸ್ತಿ ಮಂದಿ. ಮದ್ದು ತೆಗೆದುಕೊಂಡವರು 5,168. ಮದ್ದಿನ ಅಂಶವೇ ಇಲ್ಲದ ಹುಸಿ ಮಾತ್ರೆ ತೆಗೆದುಕೊಂಡವರು 5,137. ಸುಮಾರು 3.3 ವರ್ಷದ ನಂತರ ನೋಡಿದಾಗ ಹಾರ್ಟ್ ಅಟ್ಯಾಕ್ ಆದವರು ಅಥವಾ ಅಂಥ ಹೃದಯ ರೋಗದಿಂದ ತೀರಿಕೊಂಡವರು ಮದ್ದಿನ ಗುಂಪಿನಲ್ಲಿ 100 ಮಂದಿ, ಹುಸಿ ಮಾತ್ರೆಯ ಗುಂಪಿನಲ್ಲಿ 154 ಮಂದಿ.

ಅಮೆರಿಕದಲ್ಲಿ ಬಂದ ಜಾಹೀರಾತಿನಲ್ಲಿ ದೊಡ್ಡ ಅಕ್ಷರದಲ್ಲಿ ಇದ್ದದ್ದು "ಶೇ. 36 ಕಡಿಮೆ" ಅಂತ. ಕೆಳಗೆ ಸಣ್ಣ ಅಕ್ಷರದಲ್ಲಿ ಶೇ. 3 ಮತ್ತು ಶೇ. 2 ಅಂತ ಇತ್ತು. ಎರಡೂ ಸುಳ್ಳಲ್ಲ. ಈಗ ಇದನ್ನು ನಾನು ಮಕ್ಕಳಿಗೆ ಹೇಳುವ ಹಾಗೆ ಹೇಳುತ್ತೇನೆ. ಅಂಥ ಸಾವಿರ ಮಂದಿ ಮೂರು ಚಿಲ್ಲರೆ ವರ್ಷ ಮದ್ದು ತೆಗೆದುಕೊಳ್ಳದಿದ್ದರೆ 30 ಮಂದಿಗೆ ತೊಂದರೆ ಆಗುತ್ತದೆ. ತೆಗೆದುಕೊಂಡರೆ 19 ಮಂದಿಗೆ. ಸಾವಿರದಲ್ಲಿ 11 ಮಂದಿ ಉಳಿದರು. 36 ಅಂತ ಓದಿದಾಗ ತಲೆಯಲ್ಲಿ ಬಂದ ಚಿತ್ರ ಇದೇನಾ? ನನಗಂತೂ ಅಲ್ಲ. ನೂರರಲ್ಲಿ 36 ಮಂದಿ ಉಳಿದರು ಅಂತಲೇ ಮೊದಲು ಅನಿಸಿತ್ತು.

ಡಾಕ್ಟರುಗಳಿಗೆ ಇದೆಲ್ಲ ಬರುತ್ತದೆ ಅಂತ ಹೇಳಬೇಡಿ. ಗೆರ್ಡ್ ಗಿಗರೆಂಜರ್ ಅನ್ನುವ ಜರ್ಮನಿಯ ಮನಃಶಾಸ್ತ್ರಜ್ಞರು 160 ಸ್ತ್ರೀರೋಗ ತಜ್ಞರಿಗೆ ಒಂದು ಲೆಕ್ಕ ಕೊಟ್ಟರು. ಸ್ತನದ ಎಕ್ಸ್‌ರೇಯಲ್ಲಿ ಪಾಸಿಟಿವ್ ಬಂದ ಹೆಂಗಸಿಗೆ ನಿಜವಾಗಿ ಕ್ಯಾನ್ಸರ್ ಇರುವ ಸಾಧ್ಯತೆ ಎಷ್ಟು ಅಂತ. ಶೇಕಡಾದಲ್ಲಿ ಕೊಟ್ಟಾಗ ಐವರಲ್ಲಿ ಒಬ್ಬರು ಮಾತ್ರ ಸರಿ ಹೇಳಿದರು. ಶೇಕಡಾ ಬಿಟ್ಟು ತಲೆ ಎಣಿಸುವುದು ಹೇಗೆ ಅಂತ ಹೇಳಿಕೊಟ್ಟ ಮೇಲೆ ಹೆಚ್ಚಿನವರು ಸರಿ ಹೇಳಿದರು. ಲೆಕ್ಕ ಇಷ್ಟೇ. ಸಾವಿರ ಹೆಂಗಸರಲ್ಲಿ 10 ಮಂದಿಗೆ ಕ್ಯಾನ್ಸರ್ ಇದೆ, ಅವರಲ್ಲಿ 9 ಮಂದಿಗೆ ಪಾಸಿಟಿವ್ ಬರುತ್ತದೆ. ಕ್ಯಾನ್ಸರ್ ಇಲ್ಲದ 990 ಮಂದಿಯಲ್ಲೂ ಸುಮಾರು 89 ಮಂದಿಗೆ ಪಾಸಿಟಿವ್ ಬರುತ್ತದೆ. ಈಗ ಉತ್ತರ ಕಣ್ಣಿಗೇ ಕಾಣುತ್ತದೆ, ಹತ್ತರಲ್ಲಿ ಸುಮಾರು ಒಬ್ಬರು. ಆ ಡಾಕ್ಟರುಗಳ ಬುದ್ಧಿ ಒಂದೇ ದಿನದಲ್ಲಿ ಬೆಳೆಯಲಿಲ್ಲ. ಲೆಕ್ಕವನ್ನು ಕಾಣುವ ರೀತಿ ಬದಲಾಯಿತು.

ಉಪ್ಪಳದ ಹಳೇ ರೆಪ್

ಟೀಚರೇ, ನೀವು ಹೇಳಿದ 36 ಮತ್ತು 11ರ ವ್ಯತ್ಯಾಸ ನನಗೆ ಇಷ್ಟು ವರ್ಷ ಯಾರೂ ಹೇಳಿಕೊಟ್ಟಿರಲಿಲ್ಲ. ಟ್ರೈನಿಂಗಿನಲ್ಲಿ ನಮಗೆ ದೊಡ್ಡ ಸಂಖ್ಯೆಯನ್ನು ಬಾಯಿಪಾಠ ಮಾಡಿಸುತ್ತಿದ್ದರು. ಡಾಕ್ಟರ್ ತಿರುಗಿ ಪ್ರಶ್ನೆ ಕೇಳಿದರೆ "ಲಿಟರೇಚರ್ ಕಳುಹಿಸುತ್ತೇವೆ ಸಾರ್" ಅನ್ನಬೇಕಿತ್ತು. ಈಗ ಯೋಚಿಸಿದರೆ ಮನಸ್ಸಿಗೆ ಕಷ್ಟ ಆಗುತ್ತದೆ. ನಾವು ಮೋಸ ಮಾಡಬೇಕು ಅಂತ ಹೋದವರಲ್ಲ. ನಮಗೂ ಅರ್ಥ ಆಗದ್ದನ್ನು ಹೊತ್ತುಕೊಂಡು ಹೋದವರು.

ಪೆರ್ಲದ ಡಾಕ್ಟರ್

ಟೀಚರ ಮಾತಿಗೆ ಒಂದು ಸೇರಿಸುತ್ತೇನೆ. ಸಾವಿರಕ್ಕೆ 11 ಅಂದ ಕೂಡಲೇ ಮದ್ದು ಪ್ರಯೋಜನ ಇಲ್ಲ ಅಂತ ಯಾರೂ ತಿಳಿಯಬೇಡಿ. ಆ ಪರೀಕ್ಷೆಯಲ್ಲಿ ಲಾಭ ಸ್ಪಷ್ಟವಾಗಿ ಕಂಡದ್ದರಿಂದ ಅವಧಿಗೆ ಮೊದಲೇ ನಿಲ್ಲಿಸಿದರು. ಈಗಾಗಲೇ ಒಂದು ಸಲ ಹಾರ್ಟ್ ಅಟ್ಯಾಕ್ ಆದವರಲ್ಲಿ ಅಪಾಯವೇ ಜಾಸ್ತಿ ಇರುವುದರಿಂದ ಉಳಿಯುವವರ ಸಂಖ್ಯೆಯೂ ಜಾಸ್ತಿ. ನಾನು ಈ ಮದ್ದನ್ನು ದಿನವೂ ಬರೆಯುತ್ತೇನೆ, ಮುಂದೆಯೂ ಬರೆಯುತ್ತೇನೆ. ಆದರೆ ನನ್ನ ಎದುರು ಕೂತವರು ಯಾವ ಗುಂಪಿನವರು ಅಂತ ನೋಡಿ ಹೇಳಲು ನನಗೆ 11ರ ಲೆಕ್ಕ ಬೇಕು. 36 ಒಂದೇ ಸಿಕ್ಕರೆ ಎಲ್ಲರಿಗೂ ಒಂದೇ ಮಾತು ಹೇಳಬೇಕಾಗುತ್ತದೆ.

ದೊಡ್ಡ ಸಂಖ್ಯೆ ಹೆದರಿಸಲೂ ಬರುತ್ತದೆ. ಬ್ರಿಟನ್ನಿನಲ್ಲಿ 1995ರಲ್ಲಿ ಕೆಲವು ಗರ್ಭನಿರೋಧಕ ಮಾತ್ರೆಗಳಿಂದ ರಕ್ತ ಹೆಪ್ಪುಗಟ್ಟುವ ಅಪಾಯ "ದುಪ್ಪಟ್ಟು" ಅಂತ ಡಾಕ್ಟರುಗಳಿಗೆ ಸರ್ಕಾರದ ಕಡೆಯಿಂದಲೇ ಪತ್ರ ಹೋಯಿತು. ನಿಜವಾದ ಲೆಕ್ಕ 7,000 ಹೆಂಗಸರಲ್ಲಿ ಒಬ್ಬರಿಗೆ ಆಗುತ್ತಿದ್ದದ್ದು ಇಬ್ಬರಿಗೆ ಆಗುತ್ತದೆ ಅಂತ. ಎಷ್ಟೋ ಹೆಂಗಸರು ಹೆದರಿ ಮಾತ್ರೆ ಬಿಟ್ಟರು. ಬೇಡದ ಗರ್ಭ, ಗರ್ಭಪಾತ ಎರಡೂ ಏರಿದವು. ದುಪ್ಪಟ್ಟು ಅನ್ನುವುದು ಸರಳ ಪದವೇ. ಅದರ ಪಕ್ಕದಲ್ಲಿ 7,000 ಇರಲಿಲ್ಲ, ಅಷ್ಟೆ.

ಎಣ್ಮಕಜೆಯ ಅಡಿಕೆ ಕೃಷಿಕ

ನಾನು ಇಲ್ಲಿ ಸಾಮಾನ್ಯವಾಗಿ ಓದುವವನು, ಬರೆಯುವವನಲ್ಲ. ಆದರೆ ಈ ಚರ್ಚೆ ಓದಿ ಸುಮ್ನೆ ಇರಲು ಆಗಲಿಲ್ಲ.

ನಮ್ಮ ಕಡೆ ಆಸ್ಪತ್ರೆಯಿಂದ ತರುವುದೂ ಮದ್ದು, ಅಡಿಕೆಗೆ ಬಿಡುವುದೂ ಮದ್ದು. ಮಳೆಗಾಲದಲ್ಲಿ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದಕ್ಕೆ "ಮದ್ದು ಬಿಡುವುದು" ಅಂತಲೇ ಹೇಳುತ್ತೇವೆ. ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಲ್ಲಿ ಎಂಡೋಸಲ್ಫಾನ್ ಅನ್ನುವ ಕೀಟನಾಶಕ ಸುರಿದಾಗಲೂ ನಮ್ಮ ಬಾಯಲ್ಲಿ ಅದು ಮದ್ದೇ ಆಗಿತ್ತು. 70ರ ದಶಕದ ಕೊನೆಯಿಂದ 2000ದ ತನಕ. ಗೇರಿನ ಹೂ ಚಿಗುರು ತಿನ್ನುವ ಟೀ ಸೊಳ್ಳೆ ಅನ್ನುವ ಕೀಟಕ್ಕೆ ಮದ್ದು ಬಿಡುತ್ತಾರೆ ಅಂತ ನಾವು ಮಕ್ಕಳು ಅಂಗಳಕ್ಕೆ ಓಡಿ ಬಂದು ನೋಡುತ್ತಿದ್ದೆವು. ಮದ್ದು ಅಂದ ಮೇಲೆ ಹೆದರಿಕೆ ಯಾಕೆ? "ವಿಷ ಸುರಿಯುತ್ತಾರೆ" ಅಂತ ಮೊದಲ ದಿನವೇ ಯಾರಾದರೂ ಹೇಳಿದ್ದರೆ ಅಮ್ಮ ನಮ್ಮನ್ನು ಒಳಗೆ ಎಳೆದು ಬಾಗಿಲು ಹಾಕುತ್ತಿದ್ದರು. ಬಾವಿಗೆ ಮುಚ್ಚಳ ಹಾಕುತ್ತಿದ್ದರು. ನಮ್ಮ ಪಡ್ರೆ ಗ್ರಾಮದ ಮನೆಗಳಲ್ಲಿ ಏನಾಯಿತು ಅಂತ ಇಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ಮಕ್ಕಳ ಕಾಯಿಲೆಗಳನ್ನು ಗುರುತಿಸಿ ಬರೆದಿಟ್ಟು ಮೊದಲು ದನಿ ಎತ್ತಿದವರಲ್ಲಿ ನಮ್ಮ ಊರಿನ ಡಾಕ್ಟರೇ ಇದ್ದರು. ಸುಪ್ರೀಂ ಕೋರ್ಟ್ ಇಡೀ ದೇಶದಲ್ಲಿ ಅದನ್ನು ತಡೆದದ್ದು 2011ರ ಮೇ ತಿಂಗಳಲ್ಲಿ.

ಕೀಟನಾಶಕದ ಡಬ್ಬಿಯ ಮೇಲೆ ಬಣ್ಣದ ಗುರುತು ಇರುತ್ತದೆ. ಕೆಂಪು, ಹಳದಿ, ನೀಲಿ, ಹಸಿರು. ಓದು ಬಾರದವರಿಗೂ ತಿಳಿಯಲಿ ಅಂತ ಮಾಡಿದ್ದು, ಒಳ್ಳೆಯದೇ. ಆದರೆ ಹಸಿರು ಅಂದರೆ ಏನೂ ಆಗುವುದಿಲ್ಲ ಅಂತ ನಮ್ಮಲ್ಲಿ ಹೆಚ್ಚಿನವರು ತಿಳಿದಿದ್ದಾರೆ. ಹಸಿರು ಅಂದರೂ ವಿಷವೇ, ಉಳಿದವುಗಳಿಗಿಂತ ಕಡಿಮೆ ಅಷ್ಟೆ. ಸರಳ ಮಾಡುವಾಗ ಇದನ್ನೂ ನೋಡಬೇಕು.

ನಿಜವಾಗಿ ಸರಳ ಅಂದರೆ ಬೋರ್ಡೋ ಲೆಕ್ಕ. ಒಂದು ಕಿಲೋ ಮೈಲುತುತ್ತು, ಒಂದು ಕಿಲೋ ಸುಣ್ಣ, ನೂರು ಲೀಟರ್ ನೀರು. ನನ್ನ ಅಪ್ಪ ಮೂರನೇ ಕ್ಲಾಸು ಓದಿದವರು. ಅವರಿಗೂ ತಪ್ಪುತ್ತಿರಲಿಲ್ಲ. ವಿಜ್ಞಾನಿಗಳಿಗೂ ಅದೇ ಲೆಕ್ಕ.

ನೀರ್ಚಾಲಿನ ಬರಹಗಾರ್ತಿ

ಅಣ್ಣಾ, ನೀವು ಬರೆದದ್ದನ್ನು ಎರಡು ಸಲ ಓದಿದೆ. ನಾನೂ ಈ ಊರಿನವಳೇ. ಆದರೂ "ಮದ್ದು" ಅನ್ನುವ ಪದವನ್ನು ನನ್ನ ಕೆಲಸದ ಜೊತೆ ಹೀಗೆ ಇಟ್ಟು ನೋಡಿರಲಿಲ್ಲ. ಒಂದು ಪದ ಹಿತವಾಗಿ ಕೇಳಿಸಿದ ಕೂಡಲೇ ಜನ ಪ್ರಶ್ನೆ ಕೇಳುವುದನ್ನು ಬಿಡುತ್ತಾರೆ. "ಅನ್‌ಪ್ಯಾರಲಲ್ಡ್ ಟಾಲರಬಿಲಿಟಿ" ಮಾಡುವುದೂ ಅದನ್ನೇ.

ನಿನ್ನೆ ರಾತ್ರಿ ಕೂತು ಹಾಳೆಯನ್ನು ಮೊದಲಿಂದ ಬರೆದೆ. ಇಂಗ್ಲಿಷಿನಲ್ಲಿ ಬರೆಯುವ ಮೊದಲು ಪ್ರತಿ ಸಾಲನ್ನೂ ಕನ್ನಡದಲ್ಲಿ ಜೋರಾಗಿ ಹೇಳಿಕೊಂಡೆ. ಹೇಳಲು ಬಾರದ ಸಾಲನ್ನು ಬಿಟ್ಟೆ. ಕೊನೆಗೆ ಉಳಿದದ್ದು ಇಷ್ಟು, ಕನ್ನಡದಲ್ಲೇ ಹಾಕುತ್ತೇನೆ:

"ಒಂದೇ ಮದ್ದಿಗೆ ಬಿಪಿ ಹತೋಟಿಗೆ ಬಾರದ ವಯಸ್ಕರಿಗೆ. ದಿನಕ್ಕೆ ಒಂದು ಮಾತ್ರೆ. ಗರ್ಭಿಣಿಯರಿಗೆ ಕೊಡಬಾರದು. ಪೆರಿಫೆರಲ್ ಎಡಿಮಾ ಆಗಬಹುದು. ಆಮ್ಲೋಡಿಪಿನ್ ಒಂದನ್ನೇ ಕೊಟ್ಟಾಗ ಆಗುವುದಕ್ಕಿಂತ ಈ ಜೋಡಿಯಲ್ಲಿ ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ. ಮಾತ್ರೆ ಶುರು ಮಾಡುವ ದಿನವೇ ರೋಗಿಗೆ ಹೇಳಿಡಿ." ಅದರ ಕೆಳಗೆ ಒಂದು ಪಟ್ಟಿ. ಪರೀಕ್ಷೆಯಲ್ಲಿ ಎಷ್ಟು ಮಂದಿ, ಎಷ್ಟು ವಾರ, ಬಿಪಿ ಎಷ್ಟು ಇದ್ದದ್ದು ಎಷ್ಟಕ್ಕೆ ಇಳಿಯಿತು, ಎಷ್ಟು ಮಂದಿ ಮಧ್ಯದಲ್ಲಿ ಬಿಟ್ಟರು. ಅಂಕಿಗಳನ್ನು ಕಂಪನಿಯ ವೈದ್ಯಕೀಯ ವಿಭಾಗದವರಿಂದ ಕೇಳಿದ್ದೇನೆ. ಅವರು ಕೊಡುವ ತನಕ ಆ ಜಾಗ ಖಾಲಿಯೇ ಇರುತ್ತದೆ. "ರೋಬಸ್ಟ್" ಅಂತ ತುಂಬಿಸುವುದಿಲ್ಲ.

ಪೆರ್ಲದ ಡಾಕ್ಟರ್

ಚೆನ್ನಾಗಿದೆ. ಅರ್ಧ ನಿಮಿಷದಲ್ಲಿ ಓದಿ ಮುಗಿಸಿದೆ, ಒಂದು ಸಾಲಿಗೂ ವಾಪಸ್ ಹೋಗಬೇಕಾಗಲಿಲ್ಲ. ಆದರೆ ಒಂದು ಬಿಟ್ಟಿದೆ. ಟೆಲ್ಮಿಸಾರ್ಟನ್ ಇದೆ ಅಂದ ಮೇಲೆ ಕ್ರಿಯಾಟಿನಿನ್ ಮತ್ತು ಪೊಟ್ಯಾಶಿಯಂ ನೋಡಬೇಕು ಅನ್ನುವ ಸಾಲು ಬೇಕು, ಅದರಲ್ಲೂ ವಯಸ್ಸಾದವರಿಗೆ ಮತ್ತು ಕಿಡ್ನಿ ತೊಂದರೆ ಇರುವವರಿಗೆ. ಗರ್ಭಿಣಿಯರ ಸಾಲಿನ ಕೆಳಗೇ ಹಾಕಿ. ಮಕ್ಕಳಾಗುವ ವಯಸ್ಸಿನ ಹೆಂಗಸರಿಗೆ ಬರೆಯುವ ಮೊದಲು ಕೇಳಿ ಅಂತ ಸೇರಿಸಿದರೆ ಇನ್ನೂ ಒಳ್ಳೆಯದು. ಗರ್ಭಿಣಿ ಅಂತ ಅವರಿಗೇ ಗೊತ್ತಾಗುವ ಮೊದಲು ಚೀಟಿ ಆಗಿಹೋಗಿರುತ್ತದೆ.

ನೀರ್ಚಾಲಿನ ಬರಹಗಾರ್ತಿ

ಎರಡೂ ಸೇರಿಸಿದೆ. ಸೋಮವಾರ ಕಳುಹಿಸುತ್ತೇನೆ. ಜೊತೆಗೆ ಯುಸಿಪಿಎಂಪಿಯ ಆ ಪುಟವನ್ನೂ ಇಡುತ್ತೇನೆ. ಡಾಕ್ಟರಿಗೆ ಅವಮಾನ ಆಗುತ್ತದೆ ಅಂದರೆ, ಒಬ್ಬ ಡಾಕ್ಟರ್ ಓದಿ ತಿದ್ದಿಕೊಟ್ಟ ಹಾಳೆ ಇದು ಅಂತ ಹೇಳುತ್ತೇನೆ.

ಕುಂಬಳೆಯ ಔಷಧಿ ಅಂಗಡಿಯವ

ಅಚ್ಚಾದ ಮೇಲೆ ನನಗೂ ಒಂದು ಪ್ರತಿ ಕಳುಹಿಸಿ ಅಕ್ಕಾ. ಕೌಂಟರಿನ ಒಳಗಡೆ, ನಾನು ನಿಲ್ಲುವ ಜಾಗದಲ್ಲಿ ಅಂಟಿಸುತ್ತೇನೆ. ಕಾಲು ತೋರಿಸಲು ಬರುವವರಿಗೆ ಹೇಳುವಾಗ ನನಗೂ ಅದೇ ಸಾಲು ಸಾಕು.